ಕೊನೆಯ ಕುರಿಯ ಹಿಂದೆ ಓಡುವವಳು

ಬೆಳಿಗ್ಗೆ ಮೈದಾನಕ್ಕೆ ಹೋಗಿ, ಯಾರ ಮುಂದೆಯೂ ಪೆದ್ದಿಯಾಗದೆ ಮನೆಗೆ ಬಂದ ದಿನ ನನಗೆ ನೆನಪಿಲ್ಲ. ಕೂಡ್ಲಿಗಿಯಲ್ಲಿ ನನ್ನದು ಟೇಲರಿಂಗ್ ಅಂಗಡಿ. ಏಳನೇ ತರಗತಿಗೆ ಶಾಲೆ ಬಿಟ್ಟೆ. ಆಮೇಲೆ ಓದಿದ್ದೆಲ್ಲ ಸ್ವಂತ ಹಟದಿಂದ. ಓಟ ಕಲಿಸುವುದನ್ನೂ ಹಳೇ ಪುಸ್ತಕ ಓದಿಯೇ ಕಲಿತು, ಅಂಗಡಿ ತೆಗೆಯುವ ಮುಂಚೆ ಹುಡುಗಿಯರನ್ನು ಓಡಿಸುತ್ತೇನೆ. ಕಲಿಸು ಎಂದು ಯಾರೂ ಕೇಳಿರಲಿಲ್ಲ; ಬೇಡ ಎಂದಿದ್ದರೂ ಬಿಡುತ್ತಿರಲಿಲ್ಲ.

ಹೋದ ವರ್ಷ ಪಕ್ಕದ ಹಳ್ಳಿಯ ಕುರಿ ಕಾಯುವ ಮನೆಯಿಂದ ಒಬ್ಬ ಹುಡುಗಿ ಬಂದಳು. ಹರಪನಹಳ್ಳಿಯಲ್ಲಿ ಕ್ರೀಡಾ ಹಾಸ್ಟೆಲಿನ ಆಯ್ಕೆ ಇತ್ತು. ಎಂಟುನೂರು ಮೀಟರ್ ಓಟದಲ್ಲಿ ಮೊದಲು ಬಂದವಳಿಗೆ ಮಾತ್ರ ಜಾಗ. ಸಿಕ್ಕರೆ ಹತ್ತನೇ ತರಗತಿವರೆಗೆ ಓದು. ಸಿಗದಿದ್ದರೆ ನನ್ನ ಹಾಗೆಯೇ ಏಳಕ್ಕೆ ಮುಕ್ತಾಯ. ಅದಕ್ಕೇ ನಾನು ಇದ್ದಬದ್ದ ಪುಸ್ತಕವನ್ನೆಲ್ಲ ಅವಳ ಮೇಲೆ ಸುರಿದೆ.

೧. ಗೆರೆ

ಮೊದಲು ಟೇಪು ಹಿಡಿದು ಅವಳ ಹೆಜ್ಜೆ ಅಳೆದೆ. ಪುಸ್ತಕದ ಪ್ರಕಾರ ಒಂದು ಗೇಣು ಕಡಿಮೆ. ಸುಣ್ಣದ ಪುಡಿಯಲ್ಲಿ ಮೈದಾನದುದ್ದಕ್ಕೂ ಹೆಜ್ಜೆಗೊಂದು ಅಡ್ಡಗೆರೆ ಎಳೆದು, “ಈ ಲೆಕ್ಕಕ್ಕ ಓಡು” ಎಂದೆ. ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಒಂಟಿಗಾಲಲ್ಲಿ ಕುಪ್ಪಳಿಸುತ್ತ ಹೊರಟಳು.

“ಇದೇನಲೇ?”

“ಗೆರಿ ತುಳಿದ್ರ ಔಟ್ ಅಲ್ಲೇನ್ರಿ ಅಕ್ಕಾರ?”

೨. ಉಸಿರು

ಮೂರು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ. ಇದೂ ಪುಸ್ತಕದ್ದೇ. ಅರ್ಧ ಮೈದಾನ ಓಡಿ ಗಕ್ಕನೆ ನಿಂತಳು.

“ಲೆಕ್ಕ ತಪ್ಪೇತ್ರಿ ಅಕ್ಕಾರ. ಈಗ ತಗೊಳ್ಳೋದೋ, ಬಿಡೋದೋ?”

ನಾನು ಪುಟ ತಿರುವಿ ಉತ್ತರ ಹುಡುಕಿ ಹೇಳುವವರೆಗೂ ಆಕೆ ಉಸಿರು ಕಟ್ಟಿಕೊಂಡೇ ನಿಂತಿದ್ದಳು.

೩. ಹಿಂದೆ

ಒಂದು ದಿನ ಸಿಟ್ಟಿನಿಂದ, “ಹೆಂಗರ ಓಡು ಹೋಗು” ಎಂದೆ. ಓಡಿದಳು. ಬರಿಗಾಲು, ಸದ್ದೇ ಇಲ್ಲ. ನೆಲವೇ ಅವಳನ್ನು ಕೈಯಿಂದ ಕೈಗೆ ದಾಟಿಸುತ್ತಿರುವಂತಿತ್ತು. ಟೇಪು ನನ್ನ ಕೈಯಿಂದ ಯಾವಾಗ ಬಿತ್ತೋ ಗೊತ್ತಿಲ್ಲ. ಗಡಿಯಾರ ಕೆಟ್ಟಿದೆ ಎಂದುಕೊಂಡು ಮತ್ತೊಮ್ಮೆ ಓಡಿಸಿದೆ. ಅಷ್ಟೇ ಸಮಯ ಬಂತು.

ಆದರೆ ನಾಲ್ಕು ಜನರ ಜೊತೆ ಬಿಟ್ಟರೆ ಎಲ್ಲರಿಗಿಂತ ಎರಡು ಮಾರು ಹಿಂದೆ, ಆರಾಮಾಗಿ. ಯಾವ ತಿರುವಿನಲ್ಲಿ ಯಾರನ್ನು ದಾಟಬೇಕೆಂದು ಮೂರು ಬಣ್ಣದಲ್ಲಿ ಮೂರು ಹಂತದ ನಕ್ಷೆ ಬರೆದುಕೊಟ್ಟೆ. ಎಲ್ಲಕ್ಕೂ ತಲೆಯಾಡಿಸಿ ಮತ್ತೆ ಹಿಂದೆಯೇ ಓಡಿದಳು.

“ಯಾಕಲೇ ಮುಂದ ಹೋಗಂಗಿಲ್ಲ?”

“ಕುರಿ ಹೊಡಕೊಂಡು ಹೋಗೂವಾಗ ಅಜ್ಜಿ ಮುಂದ, ನಾ ಹಿಂದರಿ. ನಾನೂ ಮುಂದ ಹೋದ್ರ ಕೊನೀ ಕುರಿ ಯಾರು ನೋಡ್ಬೇಕು?”

ಅಂದು ಅವಳ ಜೊತೆ ಬಂದಿದ್ದ ಅಜ್ಜಿ ಎಲೆಅಡಿಕೆ ಮೆಲ್ಲುತ್ತ, “ಹೋಗ್ತಾಳ ತಾಯಿ. ಕುರಿ ಬ್ಯಾರೇರ ಹೊಲಕ್ಕ ಬಿದ್ರ ಹೋಗ್ತಾಳ” ಎಂದಳು. ಇದು ಯಾವ ಪುಸ್ತಕದಲ್ಲೂ ಇಲ್ಲವೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಜ್ಜಿ ನನ್ನ ನಕ್ಷೆಯನ್ನು ಎಲೆಅಡಿಕೆ ಸುತ್ತಿಕೊಳ್ಳಲು ಕೇಳಿ ತೆಗೆದುಕೊಂಡಳು.

೪. ಜೋಳದ ಹೊಲ

ಆಯ್ಕೆಯ ದಿನ ಹರಪನಹಳ್ಳಿಯಲ್ಲಿ ಒಂಬತ್ತು ಹುಡುಗಿಯರು. ಎಂಟು ಜನ ಮುಂದೆ, ನಮ್ಮವಳು ಹಿಂದೆ, ಒಂದೊಂದನ್ನೂ ಎಣಿಸುವವಳಂತೆ. ಎರಡನೇ ಸುತ್ತು ಶುರುವಾಯಿತು. “ಮೂರನೇ ಹಂತ, ಮೂರನೇ ಹಂತ” ಎಂದು ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯಿತು. ಕೊನೆಯ ಅರ್ಧ ಸುತ್ತು ಉಳಿದಾಗ ನನ್ನ ಹುಂಬತನ ಕರಗಿತು. ಪಕ್ಕದಲ್ಲಿ ನಿಂತಿದ್ದ ಅಜ್ಜಿಯ ಕಡೆ ತಿರುಗಿ, “ನೀನರ ಏನರ ಹೇಳಬೇ” ಎಂದೆ.

ಅಜ್ಜಿ ಎಲೆಅಡಿಕೆ ಉಗುಳಿ ಒಂದೇ ಮಾತು ಕೂಗಿದಳು: “ಲೇ, ಜ್ವಾಳದ ಹೊಲಕ್ಕ ಬೀಳಾಕ ಹತ್ಯಾವ, ಅಡ್ಡಗಟ್ಟು.”

ಹುಡುಗಿ ಹಾರಿದಳು. ಇಂಥ ಓಟ ನಾನು ಕಂಡಿಲ್ಲ, ಓದಿಯೂ ಇಲ್ಲ. ಎಂಟು ಜನರನ್ನು ಹೊರಗಿನಿಂದ ಒಂದೇ ಬಳಸಿನಲ್ಲಿ ಸುತ್ತಿ ಬಂದಳು. ಸೀಟಿ ಊದುವವರು ಸೀಟಿ ಬಾಯಲ್ಲಿಟ್ಟು ಊದದೆ ನಿಂತುಬಿಟ್ಟರು. ನನ್ನ ಕಣ್ಣಲ್ಲಿ ನೀರು. ಗೆರೆ ದಾಟಿದಳು, ಜಾಗ ಗಿಟ್ಟಿಸಿದಳು.

ಆದರೆ ಕೆಲಸ ಮುಗಿದಿರಲಿಲ್ಲ. ಗಿರಕ್ಕನೆ ತಿರುಗಿ, ಎರಡೂ ಕೈ ಅಗಲಿಸಿ, “ಹುರ್ರ್, ತಿರುಗ್ರಿ, ಹೊಲದವರು ಬರ್ತಾರ” ಎಂದು ಗದರಿದಳು. ಎರಡನೆಯವಳು ಗೆರೆಗೆ ಎರಡು ಹೆಜ್ಜೆ ಇರುವಾಗ ಗಪ್ಪನೆ ನಿಂತು, ಬಂದ ದಾರಿಗೆ ತಿರುಗಿದಳು.

“ಎಲ್ಲಿಗೆ ಹೊಂಟಿ?” ಎಂದು ಅವಳ ಮೇಷ್ಟ್ರು ತಲೆ ಮೇಲೆ ಕೈಹೊತ್ತು ಕೂಗಿದರು.

“ಹೊಲದವರು ಬೈತಾರಂತ ಸರ್” ಎಂದಳು ಆಕೆ.