ಮೂಗು ಹಸಿ ಅದ ಏನು?

ಮನುಷ್ಯರಿಗೂ ಕಾಯಿಲೆ ಬರುತ್ತದೆ ಎಂಬ ಸುದ್ದಿ ನಮ್ಮ ಸೋದರತ್ತೆಗೆ ಇನ್ನೂ ಮುಟ್ಟಿಲ್ಲ! ಮುಟ್ಟಿದ್ದರೂ ಅದೇನು ಅಂಥ ದೊಡ್ಡ ಸುದ್ದಿ ಎಂದು ಅವಳಿಗೆ ಅನ್ನಿಸಿರಲಾರದು.

ಅತ್ತೆಯ ಊರಾದ ಗುಂಜೋಟಿಯಲ್ಲಿ ಬೆಳಗ್ಗೆ ಸಗಣಿ ಬಾಚಿ ಮುಗಿಯಿತೋ ಇಲ್ಲವೋ, ನನ್ನ ಗಂಡನ ಊರಾದ ಔರಾದ ಶಹಾಜನಿಯಲ್ಲಿ ನನ್ನ ಫೋನು ಬಡಿದುಕೊಳ್ಳುತ್ತದೆ. ಚೆನ್ನಾಗಿದ್ದೀಯಾ, ಉಂಡೆಯಾ, ಮಕ್ಕಳು ಹೇಗಿದ್ದಾರೆ, ಇಂಥ ಪೀಠಿಕೆಯೆಲ್ಲ ಅತ್ತೆಯ ಹತ್ತಿರ ಇಲ್ಲ. ‘ಹಲೋ’ ಕೂಡ ಇಲ್ಲ. ನೇರವಾಗಿ, “ಆಕಳ ಮೂಗು ಹಸಿ ಅದ ಏನು?” ದನದ ಮೂಗು ಹಸಿಯಾಗಿದ್ದರೆ ಆರೋಗ್ಯ, ಒಣಗಿದ್ದರೆ ಜ್ವರ. ನಾನು ಕೊಟ್ಟಿಗೆಗೆ ಹೋಗಿ, ಮುಟ್ಟಿ ನೋಡಿ, ಬಂದು ವರದಿ ಒಪ್ಪಿಸಬೇಕು. ಆಮೇಲೆ ಉಳಿದ ವಿಚಾರಣೆ: ಮೈಮೇಲೆ ಕೈಯಾಡಿಸಿದೆಯಾ, ಗಂಟು ಗಿಂಟು ಕೈಗೆ ತಾಗಿತೇ, ಕಾಲು ಬಾತಿಲ್ಲ ತಾನೇ, ಓಣಿಯಲ್ಲಿ ಯಾರದಾದರೂ ಎಮ್ಮೆ ಮೇವು ಬಿಟ್ಟಿದೆಯೇ? ಇಷ್ಟಾದರೆ ಟಕ್ಕೆಂದು ಫೋನು ಕಟ್. ಮುಂದಿನ ಸರದಿ ಲೋಹಾರಾದಲ್ಲಿರುವ ನನ್ನ ಅಕ್ಕನದು, ಅದರ ಮುಂದಿನದು ನಿಲಂಗಾದ ತಂಗಿಯದು.

ನಮ್ಮವ್ವ ತೀರಿಕೊಂಡಾಗ ನಾವು ಮೂವರೂ ಸಣ್ಣವರು. ನಮ್ಮನ್ನು ಸಾಕಿ, ಜಡೆ ಹಾಕಿ, ಬೈದು, ಮದುವೆ ಮಾಡಿಕೊಟ್ಟವಳು ಈ ಅತ್ತೆಯೇ. ಅಳಿಯಂದಿರನ್ನು ಅವಳು ಆರಿಸಿದ್ದು ಮುಖ ನೋಡಿ ಅಲ್ಲ, ಊರು ನೋಡಿ ಎಂಬುದು ನಮ್ಮ ಮೂವರ ಅನುಮಾನ. ಬೀದರ ಕಡೆಯ ದನಗಳು ಸಂತೆಗೆ ಬರುವ ದಾರಿಯಲ್ಲಿ ತನ್ನ ಕಡೆಯವರೊಬ್ಬರು ಇರಲಿ ಎಂದು ನನ್ನನ್ನು ಔರಾದಿಗೆ ಕೊಟ್ಟಿರಬೇಕು! ಹುಡುಗನನ್ನು ನೋಡಲು ಹೋದವಳು ನೇರ ಅವರ ಕೊಟ್ಟಿಗೆಗೆ ನುಗ್ಗಿ, ಎತ್ತುಗಳ ಕೊರಳ ಕೆಳಗೆ ಕೈಯಾಡಿಸಿ ತಿರುಗಿ ಬಂದಳಂತೆ. ಹುಡುಗ ಹೇಗಿದ್ದಾನೆ ಎಂದು ನಮ್ಮಪ್ಪ ಕೇಳಿದ್ದಕ್ಕೆ, “ದನಾ ಚಂದ ಇಟ್ಟಾರ” ಎಂದಳಂತೆ. ನನ್ನ ಮದುವೆ ನಿಶ್ಚಯವಾದದ್ದು ಹಾಗೆ.

ಒಮ್ಮೆ ನನಗೆ ಜ್ವರ ಬಂದು ಮಲಗಿದ್ದೆ. ಫೋನು ಎತ್ತಿದವರು ನನ್ನ ಯಜಮಾನರು. ಹಿರಿಯರ ಮಾತು ಮೀರುವ ಜಾಯಮಾನ ಅವರದಲ್ಲ. ಆಕಿಗೆ ಜ್ವರ ಬಂದಾವ ರೀ ಅತ್ತಿ ಎಂದು ಮೆಲ್ಲಗೆ ಹೇಳಿದರು. ಮೇವು ಬಿಟ್ಟಾಳೇನು ಎಂದು ಅತ್ತೆ ಕೇಳಿದಳು. ಇವರು ಸ್ವಲ್ಪ ಯೋಚಿಸಿ, ರೊಟ್ಟಿ ಬಿಟ್ಟಾಳ ರೀ ಎಂದರು.

“ಮೂಗು ಹಸಿ ಅದ ಏನು, ನೋಡ್ರಿ.”

ಬೇರೆ ಗಂಡಸಾಗಿದ್ದರೆ ನಕ್ಕು ಫೋನು ಇಡುತ್ತಿದ್ದ. ಈ ಮಹರಾಯರು ಹಾಸಿಗೆಯ ಹತ್ತಿರ ಬಂದು, ಬಗ್ಗಿ, ನನ್ನ ಮೂಗಿನ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು! “ಅದ ರೀ, ನೆಗಡಿ ಆಗ್ಯದ.”

“ಹಂಗಾರ ಏನೂ ಆಗಂಗಿಲ್ಲ,” ಎಂದು ಅತ್ತೆ ಫೋನು ಇಟ್ಟಳು. ಆಶ್ಚರ್ಯವೆಂದರೆ ಮರುದಿನ ನನ್ನ ಜ್ವರ ಇಳಿದೇ ಹೋಯಿತು.

ದನದ ಹುಚ್ಚು ಇವಳಿಗೆ ಮೊದಲಿನಿಂದಲೂ ಇತ್ತು, ಅದು ಹೀಗೆ ತಲೆಗೇರಿದ್ದು ಲಂಪಿ ಬಂದ ಮೇಲೆ. ದನದ ಮೈತುಂಬ ಗಂಟು ಏಳುವ ಆ ರೋಗಕ್ಕೆ ಪೇಪರಿನವರು ಚರ್ಮಗಂಟು ರೋಗ ಎನ್ನುತ್ತಾರೆ. ನಮ್ಮ ಕಡೆಯ ಹಳಬರು ಮಾತ್ರ ಗಂಟು ಕಂಡ ಕೂಡಲೇ ‘ದೇವಿ ಬಂದಾಳ’ ಎಂದು ಕೈಮುಗಿದುಬಿಡುತ್ತಾರೆ. ಕೊಟ್ಟಿಗೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅರಿಶಿನದ ನೀರು ಚಿಮುಕಿಸಿ, ತುಟಿ ಪಿಟಕ್ಕೆನ್ನದೆ ಕುಳಿತುಬಿಡುವುದು ರೂಢಿ. ಡಾಕ್ಟರನ್ನು ಕರೆದರೆ ದೇವಿಗೆ ಸಿಟ್ಟು ಬಂದೀತು, ಊರಿಗೆ ಗೊತ್ತಾದರೆ ಡೇರಿಯವರು ಹಾಲು ಬೇಡ ಎಂದಾರು. ಅತ್ತೆಯ ಮನೆಯ ಬೆನ್ನಿಗಿರುವ ಹಿಂದಿನ ಮನೆಯವರೂ ತಮ್ಮ ದನಕ್ಕೆ ಗಂಟು ಎದ್ದಾಗ ಹಾಗೇ ಸುಮ್ಮನಿದ್ದರು. ಆದರೆ ಆ ಕೊಟ್ಟಿಗೆಯ ನೊಣ, ಸೊಳ್ಳೆ, ಉಣ್ಣೆಗಳು ರೋಗ ಹೊತ್ತು ತಿರುಗದೆ ಸುಮ್ಮನಿರಬೇಕಲ್ಲ!

ಅತ್ತೆಯ ಹತ್ತಿರ ಚಂದ್ರಿ ಎಂಬ ದೇವಣಿ ತಳಿಯ ಆಕಳಿದೆ. ಬಿಳಿ ಮೈ, ಮುಖ ಮಾತ್ರ ಕಪ್ಪು. ಆ ವರ್ಷ ಅದರ ಎಳೆಗರು ಲಂಪಿ ತಗುಲಿ ಹೋಯಿತು. ಚಂದ್ರಿ ದಿನವಿಡೀ ಕರುವಿಗಾಗಿ ಕೂಗುತ್ತಿತ್ತು. ಹಿಂದಿನ ಮನೆಯಾಕೆ ಸಮಾಧಾನ ಹೇಳಲು ಬಂದರೆ ಅತ್ತೆ ಜಗಳವಾಡಲಿಲ್ಲ. “ಬೇವು ಕಟ್ಟಿದ್ರಿ, ನನಗೊಂದು ಮಾತು ಹೇಳಿದ್ರ ಏನಾಗ್ತಿತ್ತು?” ಎಂದಳು, ಅಷ್ಟೇ. ಮೊದಲೇ ತಿಳಿದಿದ್ದರೆ ಸುತ್ತಲಿನ ದನಗಳಿಗೆ ಲಸಿಕೆ ಹಾಕಬಹುದಿತ್ತು ಎಂದು ದನದ ಡಾಕ್ಟರು ಹೇಳಿದ್ದು ಅವಳ ತಲೆಯಲ್ಲಿ ಕುಳಿತುಬಿಟ್ಟಿತು.

ಅಂದಿನಿಂದ ಅತ್ತೆ ಬೇಹುಗಾರಿಕೆ ಸುರು ಮಾಡಿದಳು. ಜನ ಡಾಕ್ಟರಿಂದ ರೋಗ ಮುಚ್ಚಿಡಬಹುದು, ದೇವಿಯಿಂದ ಮುಚ್ಚಿಡಲಾದೀತೇ? ಬೇವು ಕಟ್ಟಲೇಬೇಕು. ಆದ್ದರಿಂದ ಯಾವ ಊರಿಗೆ ಹೋದರೂ ಅವಳ ಕಣ್ಣು ಬಾಗಿಲುಗಳ ಮೇಲೆ. ಎಲ್ಲಿ ಬೇವು ಕಂಡಿತೋ ಅಲ್ಲಿಂದಲೇ ಡಾಕ್ಟರಿಗೆ ಫೋನು. ಮುಳ್ಳು ಚುಚ್ಚಿ ಎದ್ದ ಊತಕ್ಕೂ, ಜೇನು ಕಚ್ಚಿದ ಗಡ್ಡೆಗೂ ಡಾಕ್ಟರು ಓಡಿ ಬಂದದ್ದಿದೆ. ಬೈದದ್ದೂ ಇದೆ. ಆದರೆ ಫೋನು ಎತ್ತದೆ ಬಿಟ್ಟದ್ದಿಲ್ಲ, ಏಕೆಂದರೆ ಕೆಲವು ಸಲ ಅವಳು ಹೇಳಿದ್ದು ನಿಜವಾಗಿ, ಪಕ್ಕದ ಊರಿನ ದನಗಳು ಉಳಿದಿದ್ದವು.

ಒಂದು ಸಲ ನಮ್ಮ ಮನೆಗೆಂದು ಔರಾದಿಗೆ ಬಂದಳು. ಬಸ್ಸು ಇಳಿದು ನಮ್ಮ ಓಣಿಯ ತಿರುವಿನಲ್ಲಿ ಒಂದು ಬಾಗಿಲಿಗೆ ಹಸಿ ಹಸಿ ಬೇವು ಕಂಡಿದೆ. ನಮ್ಮ ಮನೆ ಎದುರಿಗೇ ಇದ್ದರೂ ಒಳಗೆ ಬಾರದೆ, ಬಂದ ದಾರಿಯಲ್ಲೇ ತಿರುಗಿ, ದನದ ಆಸ್ಪತ್ರೆಯಿಂದ ಅಲ್ಲಿನ ಡಾಕ್ಟರನ್ನು ಕರೆದುಕೊಂಡು ಬಂದಿದ್ದಾಳೆ. ಗದ್ದಲ ಕೇಳಿ ನಾನು ಹೊರಗೆ ಬರುವಷ್ಟರಲ್ಲಿ ಓಣಿಯೆಲ್ಲ ಸೇರಿತ್ತು. ಆ ಮನೆಯ ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ದನ ತೋರಿಸು ಎಂದು ಅತ್ತೆ, ನಮ್ಮಲ್ಲಿ ದನವೇ ಇಲ್ಲ ಎಂದು ಅಜ್ಜಿ. ಮುಚ್ಚಿಡುವವರೆಲ್ಲ ಹೇಳುವುದು ಹೀಗೇ ಎಂದು ಮತ್ತೆ ಅತ್ತೆ!

“ಬಾಳಂತಿ ಮನಿ ಅದ ಯವ್ವಾ,” ಎಂದಳು ಅಜ್ಜಿ, ಸಾಕಾಗಿ.

ಹೌದಲ್ಲ! ನಮ್ಮ ಕಡೆ ಕೂಸು ಹುಟ್ಟಿದ ಮನೆಗೂ ಬೇವು ಕಟ್ಟುತ್ತಾರೆ. ಡಾಕ್ಟರು ಮರಾಠಿಯಲ್ಲಿ “ಚಲಾ ಮಾವಶಿ”, ನಡೆಯಿರಿ ಚಿಕ್ಕಮ್ಮ, ಎಂದು ನಗುತ್ತ ಚೀಲ ಹೆಗಲಿಗೇರಿಸಿದರು. ನಾಚಿಕೆಯಿಂದ ಕುಗ್ಗಿದವಳು ನಾನು. ಅತ್ತೆ ಮಾತ್ರ ಕೈಕಾಲು ತೊಳೆದು ಒಳಗೆ ಹೋಗಿ, ಕೂಸಿನ ಕುತ್ತಿಗೆ, ಬೆನ್ನಿನ ಮೇಲೆ ಕೈಯಾಡಿಸಿ, ಮೈ ನುಣ್ಣಗದ ಎಂದು ಸರ್ಟಿಫಿಕೇಟು ಕೊಟ್ಟು ಬಂದಳು.

ಹೋದ ಶ್ರಾವಣದಲ್ಲಿ ಒಂದು ದಿನ ಬೆಳಗಿನ ಫೋನು ಬರಲಿಲ್ಲ. ಮಧ್ಯಾಹ್ನ ಬಂತು.

“ಹೆಂಗ ಅದಿ, ಅವ್ವಿ? ಉಂಡೆ ಏನು?”

ಹುಟ್ಟಿದಾಗಿನಿಂದ ಅವಳ ಬಾಯಿಂದ ಕೇಳದ ಪ್ರಶ್ನೆ ಅದು! ಏನಾಯಿತು ಎಂದರೆ, ಏನಿಲ್ಲ, ಉಂಡೆ ಏನು ಅಂತ ಕೇಳಿದೆ ಅಷ್ಟೇ ಎಂದು ಫೋನು ಇಟ್ಟಳು. ನಮ್ಮ ಆಕಳ ಸುದ್ದಿಯನ್ನೇ ಎತ್ತಲಿಲ್ಲ. ಅಕ್ಕ, ತಂಗಿ ಇಬ್ಬರಿಗೂ ಅದೇ ಪ್ರಶ್ನೆ ಹೋಗಿತ್ತು, ಇಬ್ಬರೂ ಅಳುತ್ತಿದ್ದರು. ಮರುದಿನವೇ ನಾನು ಒಂದು ಗಂಟು ರೊಟ್ಟಿ ಕಟ್ಟಿಕೊಂಡು, ಗುಂಜೋಟಿಗೆ ಹೋಗಲು ಉಮರಗಾ ಬಸ್ಸು ಹಿಡಿದೆ.

ಗುಂಜೋಟಿಯಲ್ಲಿ ಓಣಿಯ ತುದಿಗೇ ಕಾಣಿಸಿತು: ಅತ್ತೆಯ ಮನೆಯ ದೊಡ್ಡ ಬಾಗಿಲಿಗೆ ಬೇವಿನ ಒಂದು ಇಡೀ ಕೊಂಬೆ. ಹೊಸ್ತಿಲ ಮೇಲೆ ಅವಳು ಕುಳಿತಿದ್ದಳು. ನನ್ನನ್ನು ಕಂಡವಳೇ ಕೈ ಎತ್ತಿ ತಡೆದಳು. “ಅಲ್ಲೇ ನಿಂದರು. ನಿನ್ನ ಮನ್ಯಾಗ ದನಾ ಅವ.”

ನಿಂತಲ್ಲಿಂದಲೇ ಒಳಗೆ ಚಂದ್ರಿ ಕಾಣುತ್ತಿತ್ತು. ತಲೆ ನೆಲಕ್ಕೆ ಊರಿ ಮಲಗಿತ್ತು, ಕೊರಳ ತುಂಬ ಗಂಟು. ಕರು ಹೋದ ಮೇಲೆ ಮತ್ತೆ ಗಬ್ಬವಾಗಿದ್ದದ್ದು ಇದೇ ಮೊದಲು. ಲಸಿಕೆ ಹಾಕಿಸಿದ್ದರೂ ಲಂಪಿ ಬಂದಿತ್ತು. ಮೊದಲ ಗಂಟು ಕೈಗೆ ತಾಗಿದ ಕೂಡಲೇ ಅತ್ತೆ ಡಾಕ್ಟರಿಗೆ ತಿಳಿಸಿ, ಆಮೇಲೆ ಓಣಿಯ ಒಂದೊಂದು ಬಾಗಿಲಿನ ಎದುರು ದೂರ ನಿಂತು ಕೂಗಿ ಹೇಳಿದ್ದಳಂತೆ. ಓಣಿಯ ಉಳಿದ ದನಗಳಿಗೆ ಅದೇ ದಿನ ಲಸಿಕೆ ಬಿದ್ದಿತ್ತು. ಹಿಂದಿನ ಮನೆಯಾಕೆ ಹಸಿ ಮೇವಿನ ಹೊರೆ ತಂದು ಓಣಿಯ ಕಲ್ಲಿನ ಮೇಲೆ ಇಟ್ಟು ಹೋಗಿದ್ದಳು.

ಬೇವು ನೀನೇ ಕಟ್ಟಿದೆಯಾ ಎಂದು ಕೇಳಿದೆ.

“ಮತ್ತ ಯಾರು ಕಟ್ಟತಾರ? ಯಾರೂ ಒಳಗ ಬರಬಾರದು ಅಂತ ಕಟ್ಟೀನಿ.” ಕೊಂಬೆಯ ಕಡೆ ನೋಡಿದಳು. “ಡಾಕ್ಟರಗ ಹೇಳೀನಿ, ಓಣಿಗಿ ಹೇಳೀನಿ. ದೇವಿಗಿ ಒಬ್ಬಾಕಿಗಿ ಯಾಕ ಹೇಳದೆ ಬಿಡ್ಲಿ?”

ಅತ್ತಿ, ನೀ ಉಂಡೆ ಏನು ಎಂದೆ. ಎರಡು ಹಿಡಿ ತಿಂದಾಳ ಎಂದಳು. ನಾನು ಕೇಳಿದ್ದು ನಿನ್ನ ಊಟ ಎಂದರೆ ಮತ್ತೆ ಚಂದ್ರಿಯ ಮೇವಿನ ಲೆಕ್ಕವನ್ನೇ ಹೇಳಿದಳು. ರೊಟ್ಟಿಯ ಗಂಟನ್ನು ಮೇವಿನ ಪಕ್ಕ ಕಲ್ಲಿನ ಮೇಲೆ ಇಟ್ಟು, ಮನೆಗೆ ಹೋಗಿ ಕೈಕಾಲು ತೊಳೆಯದೆ ಕೊಟ್ಟಿಗೆಗೆ ಕಾಲಿಡಬಾರದು ಎಂಬ ಅಪ್ಪಣೆ ಪಡೆದು ತಿರುಗಿ ಬಂದೆ.

ಆಮೇಲೆ ದಿನಾ ಬೆಳಗ್ಗೆ ಅದೇ ಪ್ರಶ್ನೆ. ಉಂಡೆ ಏನು, ಮಕ್ಕಳು ಹೆಂಗದಾವ, ಯಜಮಾನರು ಹೆಂಗದಾರ. ಚಂದ್ರಿಯ ವಿಷಯ ಕೇಳಿದರೆ ಅದನ್ನು ಬಿಟ್ಟು ಬೇರೆ ಮಾತು. ಅಕ್ಕರೆಯ ಈ ಮಾತಿಗಾಗಿ ಸಣ್ಣವಳಿದ್ದಾಗ ನಾನೆಷ್ಟು ಕಾದಿದ್ದೆ! ಈಗ ಅದೇ ಮಾತಿಗೆ ಫೋನು ಎತ್ತುವುದೇ ಬೇಡ ಎನಿಸುತ್ತಿತ್ತು. ಒಂದು ಜೀವ ಕೈಬಿಟ್ಟು ಹೋದೀತೆಂಬ ಭಯದಲ್ಲಿ ಅವಳು ಉಳಿದ ನಮ್ಮನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ನೋಡುತ್ತಿದ್ದಳು. ದೇವರೇ, ನನ್ನನ್ನು ಕೇಳುವುದು ಬೇಡ, ಮೊದಲಿನಂತೆ ಆಕಳನ್ನೇ ಕೇಳಲಿ ಎಂದು ನಾನು ವಿಭೂತಿ ಹಚ್ಚಿಕೊಳ್ಳುವಾಗಲೆಲ್ಲ ಬೇಡಿಕೊಂಡೆ.

ಒಂದು ಬೆಳಗ್ಗೆ ಫೋನು ಎಂದಿಗಿಂತ ಬೇಗ ಬಂತು.

“ಆಕಳ ಮೂಗು ಹಸಿ ಅದ ಏನು?”

ಸರಿಯಾಗಿ ಕೇಳಿಸಿತೇ ಎಂದು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

“ಏ, ನಿನಗೇ ಕೇಳ್ಲಿಕತ್ತೀನಿ. ಹಸಿ ಅದ ಏನು?”

“ಅದ, ಅತ್ತಿ,” ಎಂದೆ, ಕೊಟ್ಟಿಗೆಯ ಕಡೆ ತಿರುಗಿಯೂ ನೋಡದೆ. “ಚಂದ್ರೀದು?”

“ಈಗ ಮುಟ್ಟಿ ಬಂದೆ. ಹಸಿ ಅದ. ಎದ್ದು ನಿಂತಾಳ.”

ಟಕ್ಕೆಂದು ಕಟ್ಟಾಗಬೇಕಿದ್ದ ಫೋನು ಆ ದಿನ ಕಟ್ಟಾಗಲಿಲ್ಲ. ತಡೆಯಲಾರದೆ ನಾನು ಮೂಗು ಸೇದಿದೆ. ಅವಳಿಗೆ ಕೇಳಿಸಿತು.

“ನೆಗಡಿ ಆಗ್ಯದೇನು?”

“ಹೂಂ, ಅತ್ತಿ. ಆಗ್ಯದ.”

“ಹಂಗಾರ ಏನೂ ಆಗಂಗಿಲ್ಲ,” ಎಂದು ನಮ್ಮ ಅತ್ತೆ ಫೋನು ಇಟ್ಟಳು.