ಎಂಟು ಪಾಯಿಂಟ್ ಆರು

ಅರ್ಧ ಬಟ್ಟೆ ಹಗ್ಗದ ಮೇಲಿತ್ತು, ಇನ್ನರ್ಧ ಬಕೆಟ್ಟಿನಲ್ಲಿ. ಬೆಡ್‌ಶೀಟಿನ ಒಂದು ಅಂಚನ್ನು ಗಲ್ಲದಡಿ ಸಿಕ್ಕಿಸಿಕೊಂಡು, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು ಅವಳು ನಿಂತಿದ್ದಾಗ ಗಂಡ ಬಂದು ಮೊಬೈಲನ್ನು ಮೂಗಿನ ಮುಂದೆ ಹಿಡಿದ. ಕಾರಿನ ಪರದೆಯ ಫೋಟೋ. ಲೀಟರಿಗೆ ಎಂಟು ಪಾಯಿಂಟ್ ಆರು ಕಿಲೋಮೀಟರ್.

"ಹಳೇ ಇಂಜಿನ್ ಸಾಯೋ ದಿನವೂ ಹದಿನಾಲ್ಕು ಕೊಡ್ತಿತ್ತು. ಹೊಸದು ಹಾಕಿಸಿ ಮೂರು ವಾರ ಆಗಿಲ್ಲ, ನೋಡು. ಪೆಡಲ್ ಮೇಲೆ ನಿನ್ನ ಕಾಲು ಭಾರ ಕಣೇ."

ಹಳೆಯದು ಕೈಕೊಟ್ಟ ಮೇಲೆ ಮೆಕ್ಯಾನಿಕ್ ಅದೇ ಕಂಪನಿಯ ಪುಟ್ಟ ಕಾರೊಂದರ ಇಂಜಿನ್ ತಂದು ಕೂರಿಸಿದ್ದ. ಅಂದಿನಿಂದ ಕಾರು ಓಡಿಸುತ್ತಿದ್ದವಳು ಅವಳೊಬ್ಬಳೇ, ಗಂಡನದು ಸ್ಕೂಟರು. ಹಾಗಾಗಿ ಅಪರಾಧಿಯನ್ನು ಹುಡುಕಲು ದೂರ ಹೋಗಬೇಕಿರಲಿಲ್ಲ. ಅವಳು ಕ್ಲಿಪ್ಪು ತೆಗೆಯುವಷ್ಟರಲ್ಲಿ ತೀರ್ಪೂ ಆಗಿಹೋಗಿತ್ತು: ನಾಳೆಯಿಂದ ಕೀಲಿ ಅವನ ಬಳಿ. ಬೆಳಿಗ್ಗೆ ಅವನೇ ಬಿಡುತ್ತಾನೆ, ಸಂಜೆ ಅವನೇ ಕರೆತರುತ್ತಾನೆ.

ಆಫೀಸಿಗೆ ಮೂವತ್ತೈದು ನಿಮಿಷದ ದಾರಿ. ಗಾಜು ಏರಿಸಿಕೊಂಡರೆ ಆ ಮೂವತ್ತೈದು ನಿಮಿಷ ಅವಳನ್ನು ಯಾರೂ ಏನೂ ಕೇಳುವಂತಿರಲಿಲ್ಲ. ಹಿಂದಿನ ದಿನ ಊಟದ ಮೇಜಿನಲ್ಲಿ ಕೊಡದೆ ಉಳಿದ ಉತ್ತರಗಳನ್ನು ಸಿಗ್ನಲ್ಲಿನಲ್ಲಿ ನಿಂತು, ಗಟ್ಟಿಯಾಗಿ, ಒಳ್ಳೆಯ ಮಾತುಗಳಲ್ಲಿ ಕೊಟ್ಟುಕೊಳ್ಳುತ್ತಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಅವಳಿಗೆ ಸಿಕ್ಕಿದ್ದ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದೇ ಕೋಣೆ ಅದು.

"ಪರದೆಯೇ ತಪ್ಪು ತೋರಿಸುತ್ತೆ ಅಂತ ಆಗಲೇ ಹೇಳಿದ್ನಲ್ಲ?" ಎಂದಳು.

"ಪಾಯಿಂಟ್ ಹಾಕಿ ತೋರಿಸ್ತಿದೆ. ಅದು ತಪ್ಪಾಗುತ್ತಾ?"

ತಮಾಷೆಯೆಂದರೆ ಅವಳ ಕೆಲಸವೇ ತೂಕ-ಅಳತೆ ಇಲಾಖೆಯಲ್ಲಿ. ಅಂಗಡಿಯವರ ತಕ್ಕಡಿ, ಬಟ್ಟೆಯವರ ಮೀಟರು ಕೋಲು, ಪೆಟ್ರೋಲ್ ಪಂಪು ಎಲ್ಲವನ್ನೂ ಪರೀಕ್ಷಿಸಿ ಸೀಲು ಹಾಕುವವಳು. ಸುಳ್ಳು ಹೇಳುವ ಯಂತ್ರಗಳು ಅವಳನ್ನು ಕಂಡರೆ ಬೆವರುತ್ತವೆ ಎಂದು ಆಫೀಸಿನಲ್ಲಿ ನಗೆಯಾಡುತ್ತಿದ್ದರು. ಮನೆಯಲ್ಲಿ ಮಾತ್ರ ಅವಳ ಮಾತಿಗೆ ಯಾರೂ ಇನ್ನೂ ಸೀಲು ಹಾಕಿರಲಿಲ್ಲ.

ಆದರೂ ಹಟ ಹಿಡಿದಳು. ಕುತ್ತಿಗೆಯವರೆಗೆ ಟ್ಯಾಂಕು ತುಂಬಿಸುವುದು, ನೂರು ಕಿಲೋಮೀಟರ್ ಓಡಿಸುವುದು, ಮತ್ತೆ ಅದೇ ಪಂಪಿನಲ್ಲಿ ತುಂಬಿಸುವುದು. ಎಷ್ಟು ಹಿಡಿಸುತ್ತದೋ ಅಷ್ಟೇ ಕುಡಿದದ್ದು. ಸೋತರೆ ಕೀಲಿ ತಾನಾಗಿಯೇ ಕೊಡುತ್ತೇನೆ ಎಂದಳು.

ಸುದ್ದಿ ಕಾಂಪೌಂಡ್ ದಾಟಿತು. ಎದುರುಮನೆಯ ನಿವೃತ್ತ ರೈಲ್ವೆ ಗಾರ್ಡ್ ಮಾಮ ಟೋಪಿ ಹಾಕಿಕೊಂಡೇ ಬಂದರು. ಓಡುವ ಯಾವುದರ ಬಗ್ಗೆಯೂ ತಮ್ಮನ್ನು ಕೇಳದೆ ತೀರ್ಮಾನಿಸಬಾರದು ಎಂಬುದು ಅವರ ನಂಬಿಕೆ. ಅವರ ಮನೆಯಲ್ಲೇ ಇದ್ದ ನಾದಿನಿ, ಸಾಕ್ಷಿಗೆ ಒಬ್ಬ ಹೆಂಗಸೂ ಇರಲಿ ಎಂದು ಹಿಂದಿನ ಸೀಟು ಹಿಡಿದಳು.

ಪಂಪಿನಿಂದ ಹೊರಟ ಒಂದು ಕಿಲೋಮೀಟರಿಗೇ ಮಾಮ ಭಾರ ಜಾಸ್ತಿ ಎಂದು ಗಾಡಿ ನಿಲ್ಲಿಸಿದರು. ಸ್ಟೆಪ್ನಿ, ಜ್ಯಾಕು, ಛತ್ರಿ ಇಳಿದು ಪರಿಚಯದ ಟೈಲರ್ ಅಂಗಡಿ ಸೇರಿದವು. ಎಂಬತ್ತೆಂಟು ಕೆಜಿಯ ಮಾಮ ಇಳಿಯಲಿಲ್ಲ. ಆಮೇಲೆ ಎಸಿ ಆರಿತು. ಗಾಳಿ ಹಿಂದಕ್ಕೆ ಎಳೆಯುತ್ತದೆಂದು ಗಾಜುಗಳು ಏರಿದವು. ಒಳಗೆ ನಾಲ್ಕೂ ಜನ ಹಬೆಯ ಪಾತ್ರೆಯೊಳಗಿನ ಆಲೂಗಡ್ಡೆಗಳಂತೆ ಬೇಯತೊಡಗಿದರು. ಚಪ್ಪಲಿಯ ತೂಕವೂ ಪೆಡಲಿಗೇ ಬೀಳುತ್ತದೆ ಎಂದು ನಾದಿನಿಗೆ ಹೊಳೆದದ್ದರಿಂದ ಅತ್ತಿಗೆ ಬರಿಗಾಲಲ್ಲಿ ಓಡಿಸಬೇಕಾಯಿತು.

ಗಂಡ ಪಕ್ಕದಲ್ಲಿ ಕೂತು, ರೋಗಿಯ ಜ್ವರ ಓದಿ ಹೇಳುವ ನರ್ಸಿನಂತೆ ಪರದೆ ಓದುತ್ತಿದ್ದ. ಎಂಟು ಪಾಯಿಂಟ್ ಮೂರು. ಎಂಟು ಪಾಯಿಂಟ್ ಒಂದು. ಐವತ್ತನೇ ಕಿಲೋಮೀಟರಿಗೆ ಏಳು ಪಾಯಿಂಟ್ ಒಂಬತ್ತು.

"ಅತ್ತಿಗೆ, ಸುಮ್ನೆ ಒಪ್ಕೊಂಡುಬಿಡಿ, ಮನೆಗೆ ಹೋಗೋಣ," ಎಂದು ನಾದಿನಿ ಸೆರಗಿನಿಂದ ಗಾಳಿ ಹಾಕಿಕೊಂಡಳು.

ಅವಳು ಒಪ್ಪಿಕೊಳ್ಳಲಿಲ್ಲ. ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು. ಕಣ್ಣು ರಸ್ತೆಯ ಮೇಲಿತ್ತು. ತಕ್ಕಡಿ ಪರೀಕ್ಷಿಸುವಾಗ ಮುಳ್ಳು ನಿಲ್ಲುವ ತನಕ ಉಸಿರು ಹಿಡಿಯುವ ಹಾಗೆ ಹಿಡಿದುಕೊಂಡೇ ನೂರಾ ಎರಡು ಕಿಲೋಮೀಟರ್ ಮುಗಿಸಿದಳು.

ಪಂಪಿನವಳು ಕುತ್ತಿಗೆಯವರೆಗೆ ತುಂಬಿಸಿದಳು. ಐದು ಲೀಟರ್ ಮತ್ತು ಒಂದು ಲೋಟದಷ್ಟು. ಅಲ್ಲಿಗೆ ನಿಂತಿತು. ಗಾಡಿ ಅಲುಗಾಡಿಸಿ ನೋಡಿದರೂ ಇನ್ನೊಂದು ಹನಿ ಹಿಡಿಸಲಿಲ್ಲ.

ಮಾಮ ಬೆರಳೆಣಿಸಿದರು. "ಇಪ್ಪತ್ತು ಬರುತ್ತಲ್ಲಯ್ಯ," ಎಂದು, ತಾವೇ ನಂಬದೆ ಪಂಪಿನತ್ತ ತಿರುಗಿದರು. "ಈ ಪಂಪೇ ಸರಿ ಇಲ್ಲ."

"ಆ ಪಂಪಿನ ಮೇಲಿರೋ ಸೀಲು ನಂದೇ, ಮಾಮ. ಹೋದ ತಿಂಗಳು ಹಾಕಿದ್ದು," ಎಂದಳು ಅವಳು.

ಗಂಡ ಮೆಕ್ಯಾನಿಕ್‌ಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಅತ್ತ ಕಡೆ ಸುತ್ತಿಗೆ ಸದ್ದು ನಿಂತು ದನಿ ಬಂತು: "ಸಾರ್, ಇಂಜಿನ್ ಬದಲಾಗಿರೋದು ಆ ಪರದೆಗೆ ಯಾರು ಹೇಳಿದಾರೆ? ಹಳೇ ಇಂಜಿನ್ ಒಂದೊಂದು ಸಲಕ್ಕೂ ಸೌಟಲ್ಲಿ ಪೆಟ್ರೋಲ್ ಸುರೀತಿತ್ತು. ಇದು ಚಮಚದಲ್ಲಿ ಸುರಿಯೋದು. ಪರದೆ ಪಾಪ ಇನ್ನೂ ಸೌಟೇ ಎಣಿಸ್ತಾ ಕೂತಿದೆ. ಮೇಡಂಗೆ ಹೇಳಿದ್ನಲ್ಲ ಸಾರ್, ಅವರು ನಿಮಗೆ ಹೇಳ್ಲಿಲ್ವಾ?"

ಹೇಳಿದ್ದಳು. ಎರಡು ಸಲ. ಒಮ್ಮೆ ಟೀವಿ ಜೋರಾಗಿತ್ತು, ಇನ್ನೊಮ್ಮೆ ಅವನಿಗೆ ನಿದ್ದೆ ಬಂದಿತ್ತು.

ಗಂಡ ಒಳ್ಳೆಯ ಮನುಷ್ಯ. ತಪ್ಪು ತಿಳಿದರೆ ಮುಖ ಮುಚ್ಚಿಕೊಳ್ಳುವವನಲ್ಲ. ಕೀಲಿಯನ್ನು ಅವಳ ಕೈಗಿತ್ತು, ಇನ್ನು ಈ ವಿಷಯದಲ್ಲಿ ತಾನು ಬಾಯಿ ಬಿಟ್ಟರೆ ಕೇಳು ಎಂದ. ಅವಳು ಕೀಲಿಯನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದಳು. ಹದಿನೆಂಟು ವರ್ಷದ ನೌಕರಿಯಲ್ಲಿ ಯಾವ ಕಳ್ಳ ತಕ್ಕಡಿಯನ್ನು ಹಿಡಿದಾಗಲೂ ಇಷ್ಟು ಖುಷಿಯಾಗಿರಲಿಲ್ಲ.

ವಾಪಸು ಬರುವಾಗ ಗಾಜು ಇಳಿದಿತ್ತು, ಎಲ್ಲರ ಮನಸ್ಸೂ ಹಗುರಾಗಿತ್ತು.

"ಇಪ್ಪತ್ತು ಕೊಡೋ ಗಾಡೀಲಿ ಒಬ್ಬಳೇ ಹೋಗೋದು ಎಂಥ ನ್ಯಾಯ ಹೇಳು," ಎಂದ ಗಂಡ ಪ್ರೀತಿಯಿಂದ. "ಅದೂ ನಿನ್ನಂಥ ಹದವಾಗಿ ಓಡಿಸೋರು ಸಿಕ್ಕಿದಾಗ. ನಾನು ಸ್ಕೂಟರ್ ಮೂಲೆಗೆ ಹಾಕ್ತೀನಿ."

ನಾದಿನಿಯ ಅಂಗಡಿ ಅದೇ ರಸ್ತೆಯಲ್ಲಿತ್ತು. ಮಾಮನಿಗೆ ದಿನಾ ಲೈಬ್ರರಿಗೆ ಹೋಗಬೇಕಿತ್ತು. ಸಿಗ್ನಲ್ ಕೆಂಪಾಗುವಷ್ಟರಲ್ಲಿ ನಾಳೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಯಾರು ಎಲ್ಲಿ ಕೂರುವುದೆಂದೂ ತೀರ್ಮಾನವಾಯಿತು. ದಾರಿಯುದ್ದಕ್ಕೂ ಹಳೇ ರೈಲುಗಳ ಕತೆ ಹೇಳುತ್ತೇನೆ, ಬೇಸರವೇ ಆಗುವುದಿಲ್ಲ ಎಂದು ಮಾಮ ಮಾತು ಕೊಟ್ಟರು.

ಅವಳು ಕೆಂಪು ದೀಪ ನೋಡುತ್ತಾ ಕೂತಳು. ಆಫೀಸಿಗೆ ಇನ್ನೊಂದು ದಾರಿಯೂ ಇತ್ತು. ಕಲ್ಲುಗಣಿಯ ಗುಡ್ಡವನ್ನು ಸುತ್ತಿಕೊಂಡು ಹೋಗುವುದು. ಹದಿನೇಳು ತಿರುವು, ಲೆಕ್ಕವಿಲ್ಲದ ಗುಂಡಿ, ಎದುರಿಗೆ ಧೂಳೆಬ್ಬಿಸುವ ಲಾರಿಗಳು. ನಾದಿನಿಗೆ ಉಯ್ಯಾಲೆ ಕಂಡರೇ ಹೊಟ್ಟೆ ತೊಳಸುತ್ತದೆ. ಮಾಮನ ಸೊಂಟ ಹೆಚ್ಚೆಂದರೆ ಬುಧವಾರದವರೆಗೆ ತಡೆದೀತು. ಗಂಡ ಗುರುವಾರ.

"ಏನು ಯೋಚಿಸ್ತಿದೀಯ?" ಎಂದ ಗಂಡ.

"ಏನಿಲ್ಲ," ಎಂದಳು. ದೀಪ ಹಸಿರಾಯಿತು. ಯಾರ ಮೈಯೂ ಅಲುಗದ ಹಾಗೆ, ಬಹಳ ನಾಜೂಕಾಗಿ ಗಾಡಿಯನ್ನು ಮುಂದಕ್ಕೆ ಬಿಟ್ಟಳು.