ಕೆಫೆಯಲ್ಲೊಂದು ವಂದನಾರ್ಪಣೆ

ಲೋಕದಲ್ಲಿ ಅಧ್ಯಕ್ಷರಾಗಲೆಂದೇ ಹುಟ್ಟುವವರಿದ್ದಾರೆ, ಉದ್ಘಾಟಕರಾಗಲೆಂದೇ ಹುಟ್ಟುವವರಿದ್ದಾರೆ. ನಾನು ವಂದನಾರ್ಪಣೆಗೆಂದು ಹುಟ್ಟಿದವನು. ಆಳಂದದಲ್ಲಿ ಯಾವ ಸಭೆಯೇ ಇರಲಿ, ಆಮಂತ್ರಣ ಪತ್ರಿಕೆಯ ಕೊನೆಯ ಸಾಲಿನಲ್ಲಿ ನನ್ನ ಹೆಸರಿರುತ್ತದೆ. ನನ್ನ ಸರದಿ ಬರುವ ಹೊತ್ತಿಗೆ ಜನರೆಲ್ಲ ಎದ್ದು ಊಟದ ಕಡೆ ಹೊರಟಿರುತ್ತಾರೆ. ಉಳಿಯುವವರು ಮೈಕಿನವನು ಮತ್ತು ಶಾಮಿಯಾನದವನು. ಅವರಿಗೂ ನಾನು ಬೇಗ ಮುಗಿಸಿದರೆ ಸಾಕಾಗಿರುತ್ತದೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನನಗೆ ಒಳಗೊಳಗೇ ಕವಿಯಾಗುವ ಆಸೆಯಿದೆ ಎಂಬುದು ನನ್ನ ಹೆಂಡತಿ ಕಸ್ತೂರಿಗೆ ಮಾತ್ರ ಗೊತ್ತು. ಅವಳೂ ನನ್ನ ಒಂದೇ ಒಂದು ಕವಿತೆಯನ್ನು ಪೂರ್ತಿ ಕೇಳಿದವಳಲ್ಲ. ನಾನು ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಒಲೆಯ ಮೇಲೆ ಏನಾದರೊಂದು ಉಕ್ಕುತ್ತದೆ.

ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿ ಮಲ್ಲು ತಮ್ಮ ಮನೆಯವರ ಧಾನ್ಯದ ಅಡತಿ ಅಂಗಡಿಯ ಹಿಂದಿನ ತೊಗರಿ ಗೋದಾಮಿನಲ್ಲಿ ಕೆಫೆ ತೆರೆದ. ಗೋಡೆಗೆ ಬಣ್ಣ ಬಳಿಸಿದ, ಬಣ್ಣಬಣ್ಣದ ದೀಪ ತೂಗುಹಾಕಿದ, ಹಾಲು ನೊರೆಯೇಳಿಸುವ ಯಂತ್ರ ತಂದ. ತೊಗರಿಯ ವಾಸನೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಒಂದು ದಿನ ದಾರಿಯಲ್ಲಿ ನಿಲ್ಲಿಸಿ, “ಶನಿವಾರ ಸಂಜೀಕ ಓಪನ್ ಮೈಕ್ ಇಟ್ಟೇನ್ರಿ ಸರ. ಕವಿತಾ ಓದೋರು ಓದ್ತಾರ, ಹಾಡೋರು ಹಾಡ್ತಾರ. ನೀವೂ ಬರ್ರಿ” ಎಂದ.

“ಅಧ್ಯಕ್ಷರು ಯಾರಪಾ?” ಎಂದೆ.

“ಯಾರೂ ಇಲ್ರಿ.”

“ಉದ್ಘಾಟನಾ?”

“ಅದೂ ಇಲ್ರಿ.”

ಮೂರನೆಯ ಪ್ರಶ್ನೆ ನನ್ನ ಬಾಯಿಂದ ಬರುವ ಮೊದಲೇ ಅವನು ಕನಿಕರದಿಂದ, “ವಂದನಾರ್ಪಣಾನೂ ಇಲ್ರಿ ಸರ. ನೀವು ಕವಿತಾನೇ ಓದ್ರಿ” ಎಂದುಬಿಟ್ಟ.

ಮನೆಗೆ ಬಂದು ಹೇಳಿದರೆ ಕಸ್ತೂರಿ, “ನಾನೂ ಬರ್ತೇನಿ ನಡೀರಿ. ಅಲ್ಲಿ ನನಗ ಒಲಿ ಕಾಯೋದು ಇರಂಗಿಲ್ಲ. ಪೂರಾ ಕೇಳ್ತೇನಿ” ಎಂದಳು. ಚಂದ್ರನ ಮೇಲಿನ ನನ್ನ ಹೊಸ ಕವಿತೆಯನ್ನು ಜೇಬಿನಲ್ಲಿಟ್ಟುಕೊಂಡೆ. ಅವಳು ಪೂರ್ತಿ ಕೇಳಿದ ಮೇಲೂ ಚೆನ್ನಾಗಿಲ್ಲ ಎಂದರೆ ನನ್ನ ಕವಿತ್ವಕ್ಕೆ ಅಲ್ಲಿಗೆ ತಿಲಾಂಜಲಿ. ಇಷ್ಟು ದಿನ ನೆಪಕ್ಕೆ ಉಕ್ಕುವ ಹಾಲಾದರೂ ಇತ್ತು.

ಅಧ್ಯಕ್ಷರಿಲ್ಲದ ಸಭೆ ಹೇಗೆ ನಡೆದೀತು ಎಂದು ಒಳಗೊಳಗೇ ನಗುತ್ತ ಹೋದವನು ನಾನು. ನಿಂಬರ್ಗಾದ ಕಾಲೇಜು ಹುಡುಗಿಯೊಬ್ಬಳು ಎದ್ದು, ತೊಗರಿ ಕೊಯ್ದು ಬಂದ ಅವ್ವ ಮಗಳ ತಲೆ ಬಾಚುವಾಗ ಆ ಗೀರುಬಿದ್ದ ಬೆರಳುಗಳಿಗೆ ಕೂದಲು ಸಿಕ್ಕಿಕೊಳ್ಳುವುದನ್ನು ಕವಿತೆ ಮಾಡಿ ಓದಿದಳು. ಅವಳ ಅಪ್ಪ ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಒಳಗೆ ಬರಲು ಸಂಕೋಚಪಟ್ಟು ಅಲ್ಲೇ ನಿಂತು ಕೇಳಿದ. ಆಮೇಲೆ ಜೇವರ್ಗಿಯ ಒಬ್ಬ ತರುಣ ಗಿಟಾರು ಹಿಡಿದ. ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬಾತ ತಬಲಾದ ಗವಸು ಬಿಚ್ಚಿದ. ಅವರು ಒಬ್ಬರ ಮುಖ ಒಬ್ಬರು ನೋಡಿದ್ದೇ ಆ ಸಂಜೆ, ಆದರೂ ತತ್ವಪದದ ಒಂದು ಧಾಟಿಯಲ್ಲಿ ಎಷ್ಟು ಚೆಂದ ಕೂಡಿಕೊಂಡರೆಂದರೆ ನನ್ನ ಕಾಫಿ ಆರಿಹೋದದ್ದು ನನಗೆ ತಿಳಿಯಲಿಲ್ಲ. ಭಜನೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಸುಮ್ಮನೆ ಕೂತು ಕೇಳುವುದು ಬರುವುದಿಲ್ಲ. ಮುಂದಿನವನು ಒಂದು ಸೊಲ್ಲು ಹೇಳಿದರೆ ಹಿಂದಿನವರು ಅದರ ಕೊನೆಯನ್ನು ಹಿಡಿಯಲೇಬೇಕು. ಇಡೀ ಕೆಫೆ ಹಿಡಿಯಿತು. ಇಂಥ ಮಕ್ಕಳು ನಮ್ಮ ಸುತ್ತಲೇ ಇದ್ದರಲ್ಲ ಎಂದು ನನಗೆ ನಿಜಕ್ಕೂ ಹೆಮ್ಮೆಯೆನಿಸಿತು.

ಅಷ್ಟರಲ್ಲಿ ಮಲ್ಲು ನನ್ನ ಹೆಸರು ಕರೆದ. ಮೈಕು ಕೈಗೆ ಬಂದದ್ದೇ ತಡ, ಜೇಬಿನ ಚೀಟಿ ತೆಗೆಯುವುದರೊಳಗೆ ಬಾಯಿ ಹಳೇ ಚಾಳಿಗೆ ಬಿತ್ತು. “ಈ ಸುಂದರ ಸಂಜೆಯನ್ನು ಏರ್ಪಡಿಸಿದ ಮಲ್ಲಿಕಾರ್ಜುನನಿಗೆ ವಂದನೆಗಳು” ಅಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡು ಚಂದ್ರನ ಕಡೆ ಹೊರಳಬೇಕು ಎನ್ನುವಷ್ಟರಲ್ಲಿ ಹಿಂದಿನ ಮೇಜಿನವರು “ವಂದನೆಗಳು” ಎಂದು ಕೊನೆ ಹಿಡಿದರು. ತಬಲಾದವನು ಠೇಕಾ ಕೊಟ್ಟ, ಗಿಟಾರಿನವನು ತಂತಿ ಮೀಟಿದ. ಇನ್ನು ತಿರುಗಿ ಬರುವ ದಾರಿ ಇರಲಿಲ್ಲ.

ವಂದಿಸೋಣವೆಂದರೆ ಅಧ್ಯಕ್ಷರಿಲ್ಲ, ದಾನಿಗಳಿಲ್ಲ. ಕಣ್ಣಿಗೆ ಬಿದ್ದದ್ದಕ್ಕೆಲ್ಲ ವಂದಿಸಬೇಕಾಯಿತು. ಬಣ್ಣ ಬಳಿದರೂ ಹೋಗದ ತೊಗರಿಯ ವಾಸನೆಗೆ ವಂದನೆಗಳು. ಮಗಳ ಕವಿತೆಗೆ ಚಪ್ಪಲಿ ಬಿಟ್ಟು ನಿಂತ ಅಪ್ಪನಿಗೆ ವಂದನೆಗಳು. ಇದನ್ನು ಎಲ್ಲರೂ ಮೊದಲಿಗಿಂತ ಜೋರಾಗಿ ಹಿಡಿದರು. ಆತ ಮುಜುಗರಪಡುತ್ತಲೇ ಒಳಗೆ ಬಂದು ಕೂತ. ಕೊನೆಗೆ ಕಸ್ತೂರಿ ಕಂಡಳು. “ಎರಡನೇ ಚರಣಕ್ಕೇ ಉಕ್ಕುವ ಹಾಲಿಗೆ, ಅದನ್ನು ಇಳಿಸಲು ಓಡುವವಳಿಗೆ, ಇವತ್ತು ಓಡದೆ ಕೂತವಳಿಗೆ ವಂದನೆಗಳು” ಎಂದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಚಪ್ಪಾಳೆ ಬಿತ್ತು. ನನ್ನ ಮಾತಿಗೆ ಜನ ಎದ್ದುಹೋಗದೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮನೆಗೆ ಬರುವಾಗ ಕಸ್ತೂರಿ, “ಕವಿತಾ ಭಾಳ ಚಲೋ ಇತ್ತು ನೋಡ್ರಿ. ಮತ್ತ ಮನ್ಯಾಗ ಬರೇ ಚಂದ್ರಂದು, ಮೋಡದ್ದು ಯಾಕ ಓದ್ತಿದ್ರಿ?” ಎಂದಳು. ಜೇಬಿನಲ್ಲಿದ್ದ ಚಂದ್ರನನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ.

ಸುದ್ದಿ ಅಫಜಲಪುರಕ್ಕೂ ಮುಟ್ಟಿ, ಅಲ್ಲಿಯ ಸಂಘದವರು ನನ್ನನ್ನು ಕವಿಯೆಂದು ಕರೆದಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ನಡುವೆ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಕಸ್ತೂರಿ ಅದನ್ನೇ ಮತ್ತೆ ಮತ್ತೆ ನೋಡುತ್ತಾಳೆ. ನಾನು ನೋಡುವುದು ಕೊನೆಯ ಸಾಲನ್ನು. ವಂದನಾರ್ಪಣೆ ಎಂಬಲ್ಲಿ ಬೇರೆ ಯಾರದೋ ಹೆಸರಿದೆ. ಇರಲಿ, ಜನರೆಲ್ಲ ಊಟಕ್ಕೆ ಎದ್ದುಹೋದರೂ ನಾನೊಬ್ಬ ಕೂತು ಅವನ ಮಾತನ್ನು ಪೂರ್ತಿ ಕೇಳುವವನಿದ್ದೇನೆ. ಯಾರ ಹೆಸರು ಮರೆತ ಎಂದು ಹಿಡಿಯಬೇಕಲ್ಲ.